ಬಣ್ಣದ ನೀರಿಗೂ ಬೇಕು ಸೋಸುವ ವಿಧಿ

ನಮ್ಮ ಮನೆಗಳಲ್ಲಿ ಕೊಡದ ಬಾಯಿಗೆ ಎರಡು ಪದರದ ಬಟ್ಟೆ ಕಟ್ಟದೆ ನೀರು ತುಂಬುವ ವಾಡಿಕೆಯಿಲ್ಲ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿ ಬಿಡುವುದು ಹಿರಿಯರು ಕಲಿಸಿದ ಕ್ರಮ. ನಲ್ಲಿ ನೀರು ಬಂದ ಮೇಲೂ ಎಷ್ಟೋ ಶ್ರಾವಿಕೆಯರು ಈ ನಿಯಮ ಬಿಟ್ಟಿಲ್ಲ. ಕುಡಿಯುವ ನೀರಿನ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾವು, ನಮ್ಮ ವ್ಯಾಪಾರದಿಂದ ಹೊರಗೆ ಹರಿಯುವ ನೀರಿನ ವಿಷಯದಲ್ಲಿ ಎಷ್ಟು ಎಚ್ಚರವಾಗಿದ್ದೇವೆ?

ಸೊಲ್ಲಾಪುರದ ಚಾದರ, ಟವೆಲ್‌ಗಳನ್ನು ಮಾರುವವರು ನಮ್ಮಲ್ಲಿ ಇದ್ದಾರೆ. "ಬಣ್ಣ ಪಕ್ಕಾ, ಬಿಡುವುದಿಲ್ಲ" ಎಂದು ಹೇಳಿದರೇ ಗಿರಾಕಿಗೆ ಸಮಾಧಾನ. ಬಿಸಿಲು, ಬೆವರು, ಸಾಬೂನು ಯಾವುದಕ್ಕೂ ಜಗ್ಗದಂತೆ ಈ ಬಣ್ಣಗಳನ್ನು ತಯಾರಿಸಿರುತ್ತಾರೆ. ಆದರೆ ತೊಟ್ಟಿಗೆ ಹಾಕಿದ ಬಣ್ಣವೆಲ್ಲ ನೂಲಿಗೆ ಹಿಡಿಯುವುದಿಲ್ಲ. ಹತ್ತಿಗೆ ಬಳಸುವ ರಿಯಾಕ್ಟಿವ್ ಬಣ್ಣಗಳಲ್ಲಿ ನೂರಕ್ಕೆ 10ರಿಂದ 40 ಪಾಲು ನೀರಿನಲ್ಲೇ ಉಳಿಯುವುದುಂಟು. ಸಾಬೂನಿಗೆ ಜಗ್ಗದ ಬಣ್ಣ ಮಣ್ಣಿನ ಜೀವಾಣುಗಳಿಗೂ ಜಗ್ಗದು. ಅಂಗಡಿಯಲ್ಲಿ ಯಾವುದು ಗುಣವೋ, ಹಳ್ಳದಲ್ಲಿ ಅದೇ ದೋಷ.

ಇದರ ಫಲ ಏನಾಗುತ್ತದೆಂಬುದಕ್ಕೆ ತಮಿಳುನಾಡಿನ ತಿರುಪ್ಪೂರು ಸಾಕ್ಷಿ. ಅಲ್ಲಿಯ ನೊಯ್ಯಲ್ ನದಿ ಪಶ್ಚಿಮಘಟ್ಟದಲ್ಲಿ ಹುಟ್ಟಿ ಕಾವೇರಿಯನ್ನು ಸೇರುತ್ತದೆ. ನೀರಾವರಿಗೆಂದು ಆ ನದಿಗೆ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಬಣ್ಣದ ಕಾರ್ಖಾನೆಗಳ ಕೊಳೆನೀರು ತುಂಬಿ, ಆ ನೀರು ಹೊಲಗಳಿಗೆ ಬಾರದಾಯಿತು. ರೈತರು ನ್ಯಾಯಾಲಯದ ಮೆಟ್ಟಿಲೇರಿದರು. ನದಿಗೆ ಕೊಳೆನೀರು ಬಿಡಕೂಡದೆಂಬ ಆದೇಶ ಪಾಲನೆಯಾಗದೆ ಹೋದಾಗ, 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಅಲ್ಲಿಯ ಬಣ್ಣದ ಘಟಕಗಳನ್ನು ಮುಚ್ಚಿಸಿತು. 700ಕ್ಕೂ ಹೆಚ್ಚು ಘಟಕಗಳಿಗೆ ಬೀಗ ಬಿತ್ತು. ನೂಲು ಕೊಟ್ಟವನು, ಬಟ್ಟೆ ಹೊಲಿಯುವವಳು, ಸರಕು ಸಾಗಿಸುವವನು, ಎಲ್ಲರ ಕೈಯೂ ಖಾಲಿಯಾಯಿತು.

ಹಾಗಾದರೆ ಈ ನೀರನ್ನು ಶುದ್ಧಿ ಮಾಡುವ ದಾರಿ ಯಾವುದು? ದಾರಿಗಳು ಎರಡಿವೆ. ಒಂದು ಜೀವಾಣುಗಳ ದಾರಿ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ತೋರಿಸಿಕೊಟ್ಟದ್ದು. ಕೊಳೆನೀರಿಗೆ ಗಾಳಿಯೂದಿದರೆ ಅದರಲ್ಲಿ ಬೆಳೆಯುವ ಜೀವಾಣುಗಳು ಕೊಳೆಯನ್ನೇ ಆಹಾರ ಮಾಡಿಕೊಂಡು ನೀರನ್ನು ತಿಳಿಯಾಗಿಸುತ್ತವೆ. ಖರ್ಚು ಕಡಿಮೆ. ಆದರೆ ಪಕ್ಕಾ ಬಣ್ಣ ಅವುಗಳಿಗೆ ಅರಗದು.

ಇನ್ನೊಂದು ರಸಾಯನದ ದಾರಿ. 1894ರಲ್ಲಿ ಫೆಂಟನ್ ಎಂಬ ಆಂಗ್ಲ ವಿಜ್ಞಾನಿ ಇದರ ಮೂಲ ಕ್ರಿಯೆಯನ್ನು ಪ್ರಕಟಿಸಿದ. ಬೇಕಾಗುವ ಸಾಮಗ್ರಿ ನಮಗೆ ಅಪರಿಚಿತವಲ್ಲ. ನೂಲನ್ನು ಬಿಳುಪು ಮಾಡಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ಒಂದು, ಅನ್ನಭೇದಿ ಮತ್ತೊಂದು. ಆಮ್ಲ ಹಾಕಿ ಹುಳಿ ಮಾಡಿದ ನೀರಿನಲ್ಲಿ ಇವೆರಡೂ ಕೂಡಿದಾಗ ಹೈಡ್ರಾಕ್ಸಿಲ್ ಎಂಬ ಅತಿ ಚುರುಕಾದ ಕಣ ಹುಟ್ಟುತ್ತದೆ. ಅದರ ಆಯುಸ್ಸು ಕ್ಷಣದ ಅತ್ಯಲ್ಪ ಭಾಗ ಮಾತ್ರ. ಅಷ್ಟರಲ್ಲೇ ಬಣ್ಣದ ಅಣುವನ್ನು ಒಡೆದುಬಿಡುತ್ತದೆ. ಆದರೆ ಪೂರ್ತಿ ಒಡೆಯುವವರೆಗೆ ಪೆರಾಕ್ಸೈಡ್ ಸುರಿಯುತ್ತ ಹೋದರೆ ಲಾಭವೆಲ್ಲ ಮೋರಿಗೆ ಹೋಗುತ್ತದೆ.

ಆದ್ದರಿಂದ ಎರಡನ್ನೂ ಕೂಡಿಸಬೇಕು. ರಸಾಯನದಿಂದ ಬಣ್ಣದ ಗಟ್ಟಿ ಅಣುವನ್ನು ಅರ್ಧ ಒಡೆದು, ಚೂರುಗಳನ್ನು ಜೀವಾಣುಗಳಿಗೆ ಬಿಡಬೇಕು. ತಾಯಿ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಸಿ ಮಗುವಿಗೆ ಉಣಿಸುವಂತೆ. ಒಡೆದದ್ದು ಸಾಕೇ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಸಿ.ಓ.ಡಿ. ಎಂದರೆ ನೀರಿನಲ್ಲಿರುವ ಕೊಳೆಯನ್ನು ರಸಾಯನದಿಂದ ಸುಡಲು ಬೇಕಾಗುವ ಆಮ್ಲಜನಕ. ಬಿ.ಓ.ಡಿ. ಎಂದರೆ ಜೀವಾಣುಗಳಿಗೆ ಅರಗುವ ಭಾಗಕ್ಕೆ ಬೇಕಾಗುವ ಆಮ್ಲಜನಕ. ಎರಡನೆಯದು ಮೊದಲನೆಯದರ ಮೂರನೇ ಒಂದು ಪಾಲಿಗಿಂತ ಕಡಿಮೆಯಿದ್ದರೆ ಜೀವಾಣುಗಳಿಗೆ ಕಷ್ಟ. ಅರ್ಧದ ಹತ್ತಿರ ಬಂದರೆ ಸುಲಭ.

ಇಲ್ಲಿ ಎಚ್ಚರ ತಪ್ಪುವ ಜಾಗಗಳು ಮೂರು. ಒಂದು, ಉಳಿದ ಪೆರಾಕ್ಸೈಡ್ ಜೀವಾಣುಗಳನ್ನು ಕೊಲ್ಲುತ್ತದೆ. ಅದನ್ನು ಇಲ್ಲದಂತೆ ಮಾಡಿ, ಸುಣ್ಣದಿಂದ ಹುಳಿ ಕಳೆದು, ಕಬ್ಬಿಣದ ಕೆಸರನ್ನು ತಳಕ್ಕಿಳಿಸಿದ ಮೇಲೆಯೇ ನೀರನ್ನು ಮುಂದಿನ ತೊಟ್ಟಿಗೆ ಬಿಡಬೇಕು. ಎರಡು, ಬಣ್ಣ ಹೋದ ಮಾತ್ರಕ್ಕೆ ವಿಷ ಹೋಯಿತೆಂದಲ್ಲ. ಒಡೆದ ಚೂರುಗಳು ಕೆಲವೊಮ್ಮೆ ಮೂಲಕ್ಕಿಂತ ಕೆಟ್ಟವಾಗಿರುತ್ತವೆ. ಮೂರು, ಗಂಜಿ ತೊಳೆದ ನೀರನ್ನು ಬಣ್ಣದ ನೀರಿಗೆ ಬೆರೆಸಬಾರದು. ಗಂಜಿ ಜೀವಾಣುಗಳಿಗೆ ತಾನಾಗಿ ಅರಗುತ್ತದೆ. ಬೆರೆಸಿದರೆ ಬೆಲೆಯುಳ್ಳ ಪೆರಾಕ್ಸೈಡನ್ನು ಅದೇ ನುಂಗುತ್ತದೆ. ಬೆರೆತೇ ಬರುವ ಕಡೆ ಮೊದಲು ಜೀವಾಣು, ಆಮೇಲೆ ರಸಾಯನ ಎಂಬ ಕ್ರಮವೇ ಲೇಸು.

ಇಷ್ಟಾದರೂ ಬಣ್ಣ ಹಿಡಿಸಲು ಹಾಕಿದ ಉಪ್ಪು ನೀರಿನಲ್ಲೇ ಇರುತ್ತದೆ. ಅದಕ್ಕೆ ಬೇರೆ ವಿಧಾನ ಬೇಕು. ತಿರುಪ್ಪೂರಿನಲ್ಲಿ ಹಲವು ಘಟಕಗಳು ಕೂಡಿ ಸಾಮೂಹಿಕ ಶುದ್ಧೀಕರಣ ಕೇಂದ್ರ ಕಟ್ಟಿಕೊಂಡು, ಸೂಕ್ಷ್ಮ ಪೊರೆಗಳ ಮೂಲಕ ನೀರನ್ನು ಬೇರ್ಪಡಿಸಿ ಮತ್ತೆ ಬಣ್ಣಗಾರಿಕೆಗೇ ಬಳಸುತ್ತಿವೆ.

ಜೀವಾಣುಗಳನ್ನು ಬೆಳೆಸುವುದೂ ಹಿಂಸೆಯಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದದ್ದೇ. ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಪೂರ್ಣವಾಗಿ ತಪ್ಪದು. ಆದರೆ ಪ್ರಮಾದವನ್ನು ಬಿಟ್ಟು ಅದನ್ನು ಕಡಿಮೆ ಮಾಡುವುದು ಅವನ ಕರ್ತವ್ಯ. ವಿಷವನ್ನು ಹಾಗೆಯೇ ಹರಿಯಬಿಟ್ಟರೆ ಹಳ್ಳದ ಮೀನು, ಕಪ್ಪೆ, ದಂಡೆಯ ದನಕರು, ಬಾವಿಯ ನೀರು ಕುಡಿಯುವ ಮಗು, ಇವರೆಲ್ಲರ ಲೆಕ್ಕ ಯಾರ ಖಾತೆಗೆ?

"ನಮ್ಮದು ಬರಿಯ ಅಂಗಡಿ, ಬಣ್ಣ ಹಾಕುವವರು ಬೇರೆ" ಎಂದರೆ ಹೊಣೆ ಇಳಿಯುವುದಿಲ್ಲ. ಮುಂದಿನ ಸಲ ನೂಲಿಗೆ ಬಣ್ಣ ಹಾಕಲು ಕೊಡುವಾಗ ಕೂಲಿಯ ದರದ ಜೊತೆಗೆ ಇನ್ನೊಂದು ಮಾತು ಕೇಳೋಣ: ನಿಮ್ಮ ನೀರು ಎಲ್ಲಿಗೆ ಹೋಗುತ್ತದೆ, ಅದರ ಪರೀಕ್ಷೆಯ ಚೀಟಿ ತೋರಿಸುವಿರಾ? ಒಳನಾಡಿನ ಜಲಮೂಲಗಳಿಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ ಬಿ.ಓ.ಡಿ. 30 ಮಿಲಿಗ್ರಾಂ, ಸಿ.ಓ.ಡಿ. 250 ಮಿಲಿಗ್ರಾಂ. ಈ ಎರಡು ಅಂಕಿಗಳನ್ನು ನೆನಪಿಟ್ಟರೆ ಸಾಕು. ಶುದ್ಧಿ ಮಾಡುವವನು ಕೂಲಿ ನಾಲ್ಕು ಕಾಸು ಹೆಚ್ಚು ಕೇಳಿದರೆ ಕೊಡೋಣ. ಮನೆಯ ಕೊಡಕ್ಕೆ ಕಟ್ಟಿದ ಬಟ್ಟೆಯ ಅರ್ಥ ಆಗ ಅಂಗಡಿಯವರೆಗೂ ಬಂದೀತು.