ಸ್ಮಿತ್ ಅಂದ್ರೆ ಕಮ್ಮಾರ

ಮಗಳಿಗೆ ಹೆಸರು ಹುಡುಕೋದು ಕಷ್ಟ ಆಗಲಿಲ್ಲ. ಆ ಹೆಸರಿನ ಮುಂದೆ ಏನು ಬರೆಯೋದು ಅನ್ನೋದೇ ಕಷ್ಟವಾಯಿತು. ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸುವ ಅರ್ಜಿ ಹದಿನೈದು ದಿನ ನಮ್ಮ ಡೈನಿಂಗ್ ಟೇಬಲ್ ಮೇಲೆ ಹಾಗೇ ಬಿದ್ದಿತ್ತು. ಊರಿಂದ ಅಪ್ಪ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಡ್ಡಹೆಸ್ರು ಯಾಕ್ ಬೇಕಪಾ? ಇನಿಶಿಯಲ್ ಹಾಕಿ ಬಿಡು. ನಿನಗೂ ಹಂಗ ಮಾಡೀನಲ್ಲ."

ಹೌದು, ನನಗೂ ಹಾಗೇ ಮಾಡಿದ್ದಾರೆ. ನಮ್ಮ ಅಡ್ಡಹೆಸರು ಕಮ್ಮಾರ. ಶಾಲೆಗೆ ಸೇರಿಸುವಾಗ ಅಪ್ಪ ಅದನ್ನು 'ಕೆ' ಅನ್ನೋ ಒಂದೇ ಅಕ್ಷರಕ್ಕೆ ಇಳಿಸಿಬಿಟ್ಟರು. ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಬಂದಾಗ ಯಾರಾದರೂ "ಕೆ ಅಂದ್ರೆ ಏನು?" ಅಂತ ಕೇಳಿದರೆ, "ನಮ್ಮೂರ ಹೆಸರು" ಅಂದುಬಿಡುತ್ತಿದ್ದೆ. ಈ ಕಡೆ ಇನಿಶಿಯಲ್ ಅಂದರೆ ಊರಿನದೋ ಅಪ್ಪನದೋ ಇರುತ್ತದೆ, ಯಾರಿಗೂ ಅನುಮಾನ ಬರಲ್ಲ. ಹಾವೇರಿ ಜಿಲ್ಲೆಯ ನನ್ನ ಊರಿನ ಹೆಸರು 'ಕೆ'ಯಿಂದ ಶುರುವಾಗೋದೇ ಇಲ್ಲ ಅನ್ನೋದು ಬೇರೆ ಮಾತು.

ಈ ಸುಳ್ಳನ್ನು ಹತ್ತು ವರ್ಷಕ್ಕೂ ಹೆಚ್ಚು ಹೇಳಿದ್ದೇನೆ. ಅದು ನಿಂತದ್ದು ಇಂಗ್ಲೆಂಡಿನ ಒಬ್ಬ ಸ್ಮಿತ್‌ನಿಂದ.

ಎಸ್530

ಅವರು ನಮ್ಮ ಕ್ಲೈಂಟ್ ಕಡೆಯ ಮ್ಯಾನೇಜರ್. ಶೆಫೀಲ್ಡ್ ಊರಿನವರು, ವಯಸ್ಸು ಐವತ್ತರ ಮೇಲೆ. ಕಳೆದ ವರ್ಷ ಅವರ ಗ್ರಾಹಕರ ಪಟ್ಟಿಯಲ್ಲಿ ಎರಡೆರಡು ಸಲ ದಾಖಲಾದ ಹೆಸರುಗಳನ್ನು ಹುಡುಕಿ ಒಂದಾಗಿಸುವ ಕೆಲಸ ನನಗೆ ಬಂತು. ಡೇಟಾಬೇಸ್ ಕೆಲಸ ಮಾಡಿದವರಿಗೆ ಗೊತ್ತಿರುತ್ತೆ, ಇದಕ್ಕೆ ಸೌಂಡೆಕ್ಸ್ ಅಂತ ಒಂದು ಹಳೇ ಉಪಾಯ ಇದೆ. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದದ್ದು. ಹೆಸರಿನ ಮೊದಲ ಅಕ್ಷರ ಹಾಗೇ ಇಟ್ಟು, ಮುಂದಿನ ವ್ಯಂಜನಗಳನ್ನು ಅಂಕಿಗಳಾಗಿ ಬದಲಿಸುತ್ತದೆ. ಕಾಗುಣಿತ ಬೇರೆಯಾದರೂ ಕೇಳಲು ಒಂದೇ ಥರ ಇರೋ ಹೆಸರುಗಳು ಒಂದೇ ಗುಂಪಿಗೆ ಬೀಳುತ್ತವೆ. ಸ್ಮಿತ್‌ನ ಕೋಡ್ ಎಸ್530. ಸ್ಮೈತ್ ಕೂಡ ಅದೇ. ಜರ್ಮನಿಯ ಶ್ಮಿಟ್ ಕೂಡ ಅದೇ.

ಆ ಗುಂಪಿನ ಮೇಲೆ ಕ್ವೆರಿ ಓಡಿಸಿದರೆ ಸಾಲುಗಳು ಮುಗಿಯೋದೇ ಇಲ್ಲ. ಕಾಲ್‌ನಲ್ಲಿ ಅವರು ನಗುತ್ತಾ, ನಮ್ಮವರ ಪರವಾಗಿ ಕ್ಷಮೆ ಇರಲಿ ಅಂದರು. ಆಮೇಲೆ ಸುಮ್ಮನೆ ಕೇಳಿದರು: ನಿನ್ನ ಹೆಸರಿನಲ್ಲಿರೋ ಕೆ ಏನು?

ಊರ ಹೆಸರು ಅನ್ನಲು ಬಾಯಿ ತೆರೆದವನು, ಯಾಕೋ ಗೊತ್ತಿಲ್ಲ, ನಿಜ ಹೇಳಿದೆ. ಕಮ್ಮಾರ. ಕಬ್ಬಿಣದ ಕೆಲಸ ಮಾಡುವವನು ಅಂತ ಅರ್ಥ. ನಮ್ಮಜ್ಜ ಅದೇ ಕೆಲಸ ಮಾಡ್ತಿದ್ದರು.

ಎರಡು ಸೆಕೆಂಡ್ ಆಚೆಯಿಂದ ಸದ್ದಿಲ್ಲ. ಆಮೇಲೆ ಜೋರಾಗಿ ನಗು. "ಹಾಗಾದರೆ ನೀನೂ ಸ್ಮಿತ್!"

ಮಾಡುವವನು

ಸ್ಮಿತ್ ಹೆಸರು ನಮಗೇನೂ ಹೊಸದಲ್ಲ. ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್, ದಕ್ಷಿಣ ಆಫ್ರಿಕಾದ ಗ್ರೇಮ್ ಸ್ಮಿತ್, ಬಾರ್ಬಡೋಸ್‌ನ ಡ್ವೇನ್ ಸ್ಮಿತ್, ಇಂಗ್ಲೆಂಡಿನ ಜೇಮಿ ಸ್ಮಿತ್. ಕ್ರಿಕೆಟ್ ನೋಡಿಯೇ ಅರ್ಧ ಭೂಗೋಳದ ಸ್ಮಿತ್‌ಗಳ ಪರಿಚಯ ಆಗಿದೆ. ಆದರೆ ಆ ಹೆಸರಿಗೆ ಒಂದು ಅರ್ಥ ಇದೆ ಅಂತ ನಾನು ಯೋಚಿಸಿದ್ದೇ ಆ ರಾತ್ರಿ. ಮಗು ಎದೆ ಮೇಲೆ ಮಲಗಿತ್ತು, ಫೋನ್ ಕೈಯಲ್ಲಿತ್ತು, ಓದುತ್ತಾ ಹೋದೆ.

ಹಳೇ ಇಂಗ್ಲಿಷ್‌ನಲ್ಲೂ ಈ ಪದ ಹೆಚ್ಚುಕಡಿಮೆ ಇದೇ ಉಚ್ಚಾರದಲ್ಲಿತ್ತು. ಮೂಲದಲ್ಲಿ ಅದು ಕಬ್ಬಿಣಕ್ಕೆ ಮಾತ್ರ ಸೀಮಿತವಲ್ಲ. ಕೈಯಿಂದ ಚೆನ್ನಾಗಿ ಏನನ್ನಾದರೂ ಮಾಡುವ ಕುಶಲಿ ಅಂತ. ಐಸ್‌ಲ್ಯಾಂಡಿನಲ್ಲಿ ಇವತ್ತಿಗೂ ಬಡಗಿಯನ್ನು 'ಮರದ ಸ್ಮಿತ್' ಅನ್ನೋ ಅರ್ಥದ ಪದದಿಂದಲೇ ಕರೆಯುತ್ತಾರೆ.

ಇದನ್ನು ಓದಿ ನಮ್ಮ ಪದದ ಬೇರು ಹುಡುಕಿದೆ. ಸಂಸ್ಕೃತದ 'ಕರ್ಮಾರ' ಪ್ರಾಕೃತದಲ್ಲಿ 'ಕಮ್ಮಾರ' ಆಗಿ ನಮಗೆ ಬಂದಿದೆ. ಅದರ ಬೇರು 'ಮಾಡು' ಎನ್ನುವ ಧಾತು. ಋಗ್ವೇದದಲ್ಲಿ ಕರ್ಮಾರನಿದ್ದಾನೆ. ಬುದ್ಧನಿಗೆ ಕೊನೆಯ ಊಟ ಬಡಿಸಿದ ಚುಂದನನ್ನು ಪಾಳಿ ಗ್ರಂಥಗಳು ಕರೆಯುವುದೇ 'ಕಮ್ಮಾರಪುತ್ತ' ಅಂತ, ಅಂದರೆ ಕಮ್ಮಾರನ ಮಗ. ನಮ್ಮ ಕನ್ನಡದಲ್ಲೇ ಕಂಬಾರ ಅನ್ನೋ ಇನ್ನೊಂದು ರೂಪ ಇದೆ. ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರ ಹೆಸರಿನಲ್ಲಿರುವುದು ಅದೇ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದಗಳು, ಎರಡೂ ಶುರುವಾದದ್ದು 'ಮಾಡುವವನು' ಅನ್ನೋ ಕಡೆಯಿಂದ. ನಾನು ಒಂದಕ್ಷರದ ಹಿಂದೆ ಮುಚ್ಚಿಟ್ಟಿದ್ದು ಇದನ್ನು.

ಊರಿಗೊಬ್ಬ

ಸರಿ, ಸ್ಮಿತ್ ಯಾಕೆ ಇಷ್ಟೊಂದು ಜನ? ಹಳೇ ಇಂಗ್ಲೆಂಡಿನಲ್ಲಿ ಬಹುತೇಕ ಎಲ್ಲರೂ ರೈತಾಪಿ ಜನ. ಹಾಗಿದ್ದರೆ ರೈತ ಅನ್ನೋ ಅಡ್ಡಹೆಸರೇ ಹೆಚ್ಚಿರಬೇಕಿತ್ತಲ್ಲ?

ಅಡ್ಡಹೆಸರು ಹುಟ್ಟಿದ್ದು ಗುರುತು ಹಿಡಿಯೋಕೆ. ಊರಲ್ಲಿ ಐದು ಜನ ಜಾನ್ ಇದ್ದರೆ, ಐವರೂ ಹೊಲ ಉಳುವವರೇ ಆಗಿದ್ದರೆ, 'ರೈತ ಜಾನ್' ಅಂದರೆ ಯಾರಿಗೂ ಉಪಯೋಗವಿಲ್ಲ. ಆದರೆ ಕುಲುಮೆ ಇರುವವನು ಒಬ್ಬನೇ. 'ಸ್ಮಿತ್ ಜಾನ್' ಅಂದರೆ ಊರಿಗೆಲ್ಲ ಗೊತ್ತು. ಪ್ರತಿ ಊರಿಗೂ ಒಬ್ಬ ಬೇಕೇ ಬೇಕು, ಒಬ್ಬನೇ ಸಾಕು. ಹಾಗಾಗಿ ಒಂದೇ ಹೆಸರು ಸಾವಿರಾರು ಊರುಗಳಲ್ಲಿ ಬೇರೆಬೇರೆಯಾಗಿ ಹುಟ್ಟಿತು. ಎಲ್ಲ ಸ್ಮಿತ್‌ಗಳೂ ಒಬ್ಬ ಮೂಲಪುರುಷನ ಸಂತಾನವಲ್ಲ.

ನನಗೆ ನಮ್ಮಜ್ಜನ ಕುಲುಮೆ ನೆನಪಾಯಿತು. ಬೇಸಿಗೆ ರಜೆಯಲ್ಲಿ ತಿದಿ ಒತ್ತೋ ಕೆಲಸ ನನ್ನದು. ಮುಂಗಾರಿಗೆ ಮುಂಚೆ ಇಡೀ ಊರು ಅಲ್ಲಿರುತ್ತಿತ್ತು. ನೇಗಿಲ ಕುಡ ಹಣಿಯೋಕೆ, ಕುರ್ಪಿಗೆ ಬಾಯಿ ಹಾಕಿಸೋಕೆ, ಕುಡುಗೋಲು ಸಾಣೆಗೆ. ರೊಕ್ಕ ಕೊಡುವವರು ಕಡಿಮೆ. ಸುಗ್ಗಿಯಲ್ಲಿ ಆಯ ಅಂತ ಜೋಳ ಬರುತ್ತಿತ್ತು. ಅಜ್ಜನನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. "ಕಮ್ಮಾರ ಅಜ್ಜಾರು" ಅಂದರೆ ಮುಗೀತು.

ಇಂಗ್ಲೆಂಡಿನಲ್ಲಿ ಡರ್ಹಮ್ ಕಡೆಯ ಎಕ್ಕೆಯಾರ್ಡ್ ಸ್ಮಿತ್ ಎಂಬುವನ ಹೆಸರು ಕ್ರಿ.ಶ. 975ರ ಸುಮಾರಿನ ದಾಖಲೆಯಲ್ಲೇ ಸಿಗುತ್ತದೆ. ಆದರೆ ಆಗ ಅದು ಅಡ್ಡಹೆಸರಲ್ಲ, ಉದ್ಯೋಗ. ನಮ್ಮಜ್ಜನ ಹಾಗೆ.

ಹೆಸರು ಉಳಿಯಿತು, ಸುತ್ತಿಗೆ ಹೋಯಿತು

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಭೂಮಿ, ತೆರಿಗೆ, ಕೋರ್ಟು ಎಲ್ಲದಕ್ಕೂ ದಾಖಲೆಗಳು ಹೆಚ್ಚಾದವು. 1377, 1379, 1381ರಲ್ಲಿ ತಲೆಗಂದಾಯ ಹಾಕಿದರು. ಯಾರು ಕೊಟ್ಟರು, ಯಾರು ಕೊಟ್ಟಿಲ್ಲ ಅಂತ ಬರೆಯಲು ಗುಮಾಸ್ತನಿಗೆ ಬರೀ ಜಾನ್ ಸಾಲದು. ಲ್ಯಾಟಿನ್‌ನಲ್ಲಿ ಬರೆಯುವವನು ಸ್ಮಿತ್‌ನನ್ನು 'ಫಾಬರ್' ಅಂತ ಬರೆದ. 1400ರ ಹೊತ್ತಿಗೆ ಇಂಗ್ಲೆಂಡಿನ ಬಹುಪಾಲು ಕುಟುಂಬಗಳಲ್ಲಿ ಅಡ್ಡಹೆಸರು ಅಪ್ಪನಿಂದ ಮಕ್ಕಳಿಗೆ ಇಳಿಯತೊಡಗಿತ್ತು. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್, ಪ್ರತಿ ಚರ್ಚೂ ನಾಮಕರಣ, ಮದುವೆ, ಸಾವುಗಳ ಪುಸ್ತಕ ಇಡಬೇಕು ಅಂತ ಆಜ್ಞೆ ಹೊರಡಿಸಿದ ಮೇಲೆ ಹೆಸರುಗಳು ಇನ್ನೂ ಗಟ್ಟಿಯಾದವು.

ಇಲ್ಲೇ ಕೆಲಸ ಮತ್ತು ಹೆಸರು ಬೇರೆಯಾದದ್ದು. ಕಮ್ಮಾರನ ಮಗ ಬ್ರೆಡ್ ಸುಡಲು ಹೋದ, ಹೆಸರು ಮಾತ್ರ ಸ್ಮಿತ್. ಅರ್ಥಶಾಸ್ತ್ರದ ಆಡಮ್ ಸ್ಮಿತ್‌ನನ್ನೇ ನೋಡಿ. ಅವನ ಅಪ್ಪ ಸ್ಕಾಟ್ಲೆಂಡಿನಲ್ಲಿ ಸುಂಕದ ಅಧಿಕಾರಿ. ಆದರೆ 1776ರ ತನ್ನ ದೊಡ್ಡ ಪುಸ್ತಕದ ಮೊದಲ ಅಧ್ಯಾಯದಲ್ಲೇ ಆಡಮ್ ಸ್ಮಿತ್ ಮೊಳೆ ಮಾಡುವ ಕಮ್ಮಾರರ ಲೆಕ್ಕ ಹಾಕುತ್ತಾನೆ. ಅಭ್ಯಾಸವಿಲ್ಲದವನು ದಿನಕ್ಕೆ ಇನ್ನೂರು ಮುನ್ನೂರು ಮೊಳೆ ಮಾಡಿದರೆ ಹೆಚ್ಚು, ಅದನ್ನೇ ಕಸುಬು ಮಾಡಿಕೊಂಡ ಹುಡುಗರು 2,300ಕ್ಕೂ ಹೆಚ್ಚು ಮಾಡುತ್ತಾರೆ ಅಂತ.

ಕಾಲ್‌ನಲ್ಲಿ ನಾನು ನಮ್ಮ ಸ್ಮಿತ್‌ರನ್ನು ಕೇಳಿದ್ದೆ, ನಿಮ್ಮ ಮನೆಯಲ್ಲಿ ಯಾರಾದರೂ ಕಬ್ಬಿಣದ ಕೆಲಸ ಮಾಡಿದ್ದಾರಾ? ಶೆಫೀಲ್ಡ್ ಅಂದರೆ ಚಾಕು, ಚಮಚ, ಉಕ್ಕಿಗೆ ಹೆಸರಾದ ಊರು. 1913ರಲ್ಲಿ ಹ್ಯಾರಿ ಬ್ರಿಯರ್ಲಿ ಸ್ಟೇನ್‌ಲೆಸ್ ಸ್ಟೀಲ್ ಮಾಡಿದ್ದು ಅಲ್ಲೇ. ಅವರು ಹೇಳಿದ್ದು, ನಮ್ಮಪ್ಪ ಬಸ್ ಡ್ರೈವರ್, ಅಜ್ಜ ದಿನಸಿ ಅಂಗಡಿ. ಸುತ್ತಿಗೆ ಹಿಡಿದವರು ಯಾರೂ ನೆನಪಿಲ್ಲ. ಈ ಹೆಸರು ಕೇಳಿ ಯಾರಿಗೂ ನನ್ನ ಬಗ್ಗೆ ಏನೂ ಗೊತ್ತಾಗಲ್ಲ ಅಂದರು.

ಆ ಕೊನೇ ಮಾತಿಗೆ ನನಗೆ ಹೊಟ್ಟೆಕಿಚ್ಚಾಯಿತು.

ಎಷ್ಟು ಜನ?

1853ರ ಲೆಕ್ಕದ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎರಡೂವರೆ ಲಕ್ಷ ಸ್ಮಿತ್‌ಗಳಿದ್ದರು, ಅಂದರೆ ಸುಮಾರು 73 ಜನರಲ್ಲಿ ಒಬ್ಬರು. ಎರಡನೇ ಸ್ಥಾನ ಜೋನ್ಸ್‌ಗೆ. ಇವತ್ತು ಬ್ರಿಟನ್ನಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಸ್ಮಿತ್‌ಗಳಿದ್ದಾರೆ. ಇಂಗ್ಲೆಂಡಿನಲ್ಲೂ ಸ್ಕಾಟ್ಲೆಂಡಿನಲ್ಲೂ ಅದೇ ನಂಬರ್ ಒನ್. ವೇಲ್ಸ್‌ನಲ್ಲಿ ಮಾತ್ರ ಜೋನ್ಸ್. 1792ರಲ್ಲಿ ಲಂಡನ್ನಿನಲ್ಲಿ ಶುರುವಾದ ಡಬ್ಲ್ಯುಎಚ್‌ಸ್ಮಿತ್ ಅಂಗಡಿಗಳ ಪೈಕಿ ಪೇಟೆಬೀದಿಯವು 2025ರಲ್ಲಿ ಮಾರಾಟವಾದಾಗ ಹೊಸ ಮಾಲೀಕರು ಇಟ್ಟ ಹೆಸರು ಏನು ಗೊತ್ತಾ? ಟಿಜಿಜೋನ್ಸ್.

ಅಮೆರಿಕದಲ್ಲೂ ಸ್ಮಿತ್‌ದೇ ಮೊದಲ ಸ್ಥಾನ. 2010ರ ಜನಗಣತಿಯಲ್ಲಿ 24,42,977 ಜನ. ಆದರೆ ಅಲ್ಲಿನ ಕಥೆ ಬೇರೆ. ಆ ಸ್ಮಿತ್‌ಗಳಲ್ಲಿ ಶೇ. 23ರಷ್ಟು ಕಪ್ಪು ಜನ. ಗುಲಾಮಗಿರಿಯ ಕಾಲದಲ್ಲಿ ಕೆಲವರಿಗೆ ಮಾಲೀಕರ ಹೆಸರು ಅಂಟಿತು, ಬಿಡುಗಡೆಯಾದ ಮೇಲೆ ಕೆಲವರು ತಾವೇ ಆರಿಸಿಕೊಂಡರು. ಜರ್ಮನಿಯಿಂದ ಹೋದ ಎಷ್ಟೋ ಶ್ಮಿಟ್‌ಗಳು, ಅದರಲ್ಲೂ ಮೊದಲ ಮಹಾಯುದ್ಧದ ಕಾಲದಲ್ಲಿ, ಸ್ಮಿತ್ ಆಗಿ ಜನರ ನಡುವೆ ಸೇರಿಹೋದರು. ಹೆಸರು ಮುಚ್ಚಿಟ್ಟವನು ನಾನೊಬ್ಬನೇ ಅಲ್ಲ ಅಂತ ಆಗ ಅನ್ನಿಸಿತು. ಒಂದೇ ವ್ಯತ್ಯಾಸ, ಅವರು ಅಡಗಿಕೊಂಡದ್ದು ಕಮ್ಮಾರ ಅನ್ನೋ ಹೆಸರಿನ ಒಳಗೇ.

ಎಲ್ಲ ಕಡೆ ನಮ್ಮವರೇ

ಇದು ಓದಿದ ಮೇಲೆ ನನಗೆ ಹುಚ್ಚು ಹಿಡಿಯಿತು. ಜರ್ಮನಿಯ ಶ್ಮಿಟ್, ಫ್ರಾನ್ಸಿನ ಲಫೆಬ್ರ್, ಹಂಗೇರಿಯ ಕೊವಾಚ್, ರಷ್ಯಾದ ಕುಜ್ನೆತ್ಸೊವ್, ಅರಬರ ಹದ್ದಾದ್, ಬಂಗಾಳಿಗಳ ಕರ್ಮಕಾರ್, ಎಲ್ಲವೂ ಕಮ್ಮಾರರೇ. ಇಟಲಿಯ ಫೆರಾರಿ ಕೂಡ! ಶೂಮಾಕರ್ ಅಂದರೆ ಜರ್ಮನ್‌ನಲ್ಲಿ ಪಾದರಕ್ಷೆ ಮಾಡುವವನು. ಆ ಹೆಸರಿನವನು ಕಮ್ಮಾರನ ಹೆಸರಿನ ಕಾರು ಓಡಿಸಿ ಜಗತ್ತು ಗೆದ್ದ. ಯಾರೂ ಅವನ ಕುಲ ಕೇಳಲಿಲ್ಲ.

ಹ್ಯಾರಿ ಪಾಟರ್ ನಮ್ಮ ಕಡೆ ಹುಟ್ಟಿದ್ದರೆ ಹರಿ ಕುಂಬಾರ ಆಗುತ್ತಿದ್ದ. ಕಾರ್ಪೆಂಟರ್ ಅಂದರೆ ಬಡಿಗೇರ, ಗೋಲ್ಡ್‌ಸ್ಮಿತ್ ಅಂದರೆ ಪತ್ತಾರ. ಅಲ್ಲಿ ಚಂದ ಕೇಳೋ ಹೆಸರು ಇಲ್ಲಿ ಯಾಕೆ ನಾಲಿಗೆ ತುದಿಯಲ್ಲಿ ನಿಂತುಬಿಡುತ್ತೆ? ಅಲ್ಲಿ ಕೆಲಸ ಬದಲಾದಂತೆ ಹೆಸರು ಖಾಲಿಯಾಯಿತು. ಇಲ್ಲಿ ಕೆಲಸ ಹೋದರೂ ಹೆಸರಿನೊಳಗೆ ಜಾತಿ ಉಳಿಯಿತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಒಬ್ಬ ಓನರ್ ಪೂರ್ತಿ ಹೆಸರು ಕೇಳಿ, "ಕಮ್ಮಾರ ಅಂದ್ರೆ… ಓ, ಸರಿ, ಫೋನ್ ಮಾಡ್ತೀವಿ" ಅಂದಿದ್ದರು. ಫೋನ್ ಬರಲಿಲ್ಲ.

ಎರಡು ಎಮ್

ಮರುದಿನ ಅಪ್ಪನಿಗೆ ಫೋನ್ ಮಾಡಿ ಮೊದಲ ಸಲ ಕೇಳಿದೆ, ನನ್ನ ಹೆಸರಿಂದ ಯಾಕೆ ತೆಗೆದ್ರಿ?

ಅಪ್ಪ ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದವರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸ್ಟಾಫ್ ರೂಮಿನ್ಯಾಗ ಚಾಷ್ಟಿ ಮಾಡ್ತಿದ್ರಪಾ. 'ಏನ್ ಕಮ್ಮಾರ್ ಮಾಸ್ತರ, ಚಾಕ್‌ಪೀಸ್ ಹಿಡಿಯೋ ಕೈಯಾಗ ಸುತಗಿ ಮರ್ತ್ ಬಂದ್ರ್ಯಾ' ಅಂತ. ದಿನಾ. ನಾನೂ ನಗ್ತಿದ್ದೆ. ನೀನೂ ಹಂಗ ನಗಬಾರ್ದು ಅನ್ನಿಸ್ತು."

ನನಗೆ ಮಾತು ಹೊರಡಲಿಲ್ಲ. ನಾನು ಇದುವರೆಗೆ ಅಪ್ಪನಿಗೆ ನಾಚಿಕೆ ಅಂದುಕೊಂಡಿದ್ದೆ. ಅದು ನನ್ನ ಕಾಳಜಿಯಾಗಿತ್ತು.

ಸ್ಮಿತ್‌ರ ಕಥೆ ಹೇಳಿದೆ. ಆಡಮ್ ಸ್ಮಿತ್, ಚುಂದ, ಫೆರಾರಿ, ಎಲ್ಲ. ಫೆರಾರಿಗೆ ಅಪ್ಪ ನಕ್ಕರು. ಆಮೇಲೆ ನಾನು ಹೇಳಿದೆ, ಮಗಳಿಗೆ ಕಮ್ಮಾರ ಅಂತ ಪೂರ್ತಿ ಬರೀತೀನಿ. ದೊಡ್ಡವಳಾದ ಮೇಲೆ ಬೇಡ ಅನ್ನಿಸಿದರೆ ಅವಳೇ ತೆಗೀಲಿ. ಅದು ಅವಳ ಇಷ್ಟ. ನಾವು ಮೊದಲೇ ತೆಗೆದು ಕೊಡೋದು ಬೇಡ.

ಇದರಿಂದ ಬಾಡಿಗೆ ಮನೆ ಓನರ್ ಬದಲಾಗಲ್ಲ ಅಂತ ನನಗೂ ಗೊತ್ತು. ಸ್ಮಿತ್ ಅನ್ನೋ ಹೆಸರು ಬರೀ ಹೆಸರಾಗೋಕೆ ನೂರಾರು ವರ್ಷ ಬೇಕಾಯಿತು. ನಮ್ಮದು ಯಾವಾಗ ಆಗುತ್ತೋ. ಆದರೆ ಒಂದಕ್ಷರದ ಹಿಂದೆ ಅಡಗಿಕೊಂಡೇ ಇದ್ದರೆ ಆಗೋದಾದರೂ ಹೇಗೆ? ನಿಮ್ಮ ಇನಿಶಿಯಲ್ ಹಿಂದೆಯೂ ಒಂದು ಹೆಸರು ಇರಬಹುದು. ಈ ಸಲ ಊರಿಗೆ ಹೋದಾಗ ಹಿರಿಯರನ್ನು ಕೇಳಿ ನೋಡಿ.

ಅರ್ಜಿ ತುಂಬುವಾಗ ಅಪ್ಪ ವಿಡಿಯೋ ಕಾಲ್‌ನಲ್ಲೇ ಇದ್ದರು. ಪೆನ್ನು ಕೈಯಲ್ಲಿ ಹಿಡಿದ ಕೂಡಲೇ ಮೇಷ್ಟ್ರ ದನಿ ಬಂತು:

"ಇಂಗ್ಲಿಷಿನ್ಯಾಗ ಬರೀವಾಗ ಸ್ಪೆಲ್ಲಿಂಗ್ ನೋಡ್ಕೊ. ಎರಡು ಎಮ್ ಬರ್ತಾವ."