ಬೆಳಕಿನಲ್ಲೇ ಮರೆಯಾಗುವ ಲಾಂದ್ರ ಮೀನು

ಕಡಲಿನಲ್ಲಿ 200ರಿಂದ 1000 ಮೀಟರ್ ಆಳದವರೆಗೆ ಮಸುಕಾದ ನೀಲಿ ಬೆಳಕಷ್ಟೇ ಇರುತ್ತದೆ. ಅಲ್ಲಿ ಈಜುವ ಮೀನು ಕೆಳಗಿರುವ ಬೇಟೆಗಾರ ಪ್ರಾಣಿಗೆ ಕಪ್ಪು ನೆರಳಿನಂತೆ ಕಾಣುತ್ತದೆ. ಬೆರಳುದ್ದದ ಲಾಂದ್ರ ಮೀನು ಈ ನೆರಳನ್ನು ಬೆಳಕಿನಿಂದಲೇ ಅಳಿಸುತ್ತದೆ! ಅದರ ಹೊಟ್ಟೆಯ ಭಾಗದಲ್ಲಿ ಸಾಲಾಗಿರುವ ಬೆಳಕಿನ ಅಂಗಗಳಲ್ಲಿ ಲೂಸಿಫೆರಿನ್ ಎಂಬ ವಸ್ತು, ಲೂಸಿಫೆರೇಸ್ ಕಿಣ್ವದ ನೆರವಿನಿಂದ ಆಕ್ಸಿಜನ್‌ನೊಡನೆ ವರ್ತಿಸಿ ನೀಲಿ ಬೆಳಕನ್ನು ಹೊಮ್ಮಿಸುತ್ತದೆ. ಇದೇ ಜೈವಿಕ ದೀಪ್ತಿ. ಮೇಲಿನಿಂದ ಇಳಿಯುವ ಬೆಳಕಿಗೆ ಇದು ಸರಿಹೊಂದಿದಾಗ ಮೀನಿನ ಆಕಾರ ಮರೆಯಾಗುತ್ತದೆ.

ಅರಬ್ಬಿ ಸಮುದ್ರದಲ್ಲೂ ಹೇರಳವಾಗಿರುವ ಈ ಮೀನುಗಳಲ್ಲಿ ಹಲವು, ರಾತ್ರಿ ಮೇಲೇರಿ ಪ್ಲವಕಗಳನ್ನು ತಿಂದು ಹಗಲು ಆಳಕ್ಕಿಳಿಯುತ್ತವೆ. ಅಲ್ಲಿ ಅವುಗಳ ಉಸಿರಾಟ ಹಾಗೂ ಮಲದ ಮೂಲಕ ಮೇಲ್ಪದರದ ಕಾರ್ಬನ್ ಆಳವನ್ನು ಸೇರುತ್ತದೆ. ಟ್ಯೂನಾ, ಡಾಲ್ಫಿನ್‌ಗಳಿಗೂ ಇವು ಆಹಾರ. ಆದ್ದರಿಂದ ಮೀನಿನ ಪುಡಿಗಾಗಿ ಇವನ್ನು ಮಿತಿಯಿಲ್ಲದೆ ಹಿಡಿದರೆ ಆಹಾರ ಸರಪಳಿಯ ಜೊತೆಗೆ ಕಾರ್ಬನ್ ಚಕ್ರಕ್ಕೂ ಧಕ್ಕೆಯಾದೀತು.