ಐದನೇ ಎಸಳು

ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವುದೂ ಒಂದು ಉದ್ಯೋಗವೇ ಎಂದು ಗೊತ್ತಾಗಿದ್ದು ಕಳೆದ ವರ್ಷ. ಬಿ.ಕಾಂ. ಮುಗಿಸಿ, ಎಫ್‌ಡಿಎ ಪರೀಕ್ಷೆ ಬರೆದು ಬೀದರಿನ ಮನೆಯಲ್ಲಿ ಕೂತಿದ್ದೆ. ‘ಮುಂದೇನು?’ ಎನ್ನುವ ನೆಂಟರಿಂದ ತಪ್ಪಿಸಿಕೊಳ್ಳಲೆಂದೇ ನಮ್ಮ ಓಣಿಯ ಬಿದ್ರಿ ಕೆಲಸದ ಅಂಗಡಿಗೆ ಹೋಗತೊಡಗಿದೆ. ಅಲ್ಲಿನ ಚಾಚಾ ಅಪ್ಪನ ಗೆಳೆಯರು. ಚಿಕ್ಕಂದಿನಿಂದ ಆ ಟಕ್ ಟಕ್ ಸದ್ದು ಕೇಳಿದ್ದೆ, ಒಳಗೆ ಕೂತಿದ್ದು ಮಾತ್ರ ಅದೇ ಮೊದಲು.

ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. ಬಿದ್ರಿಗೆ ಜಿಐ ಟ್ಯಾಗ್ ಸಿಕ್ಕಿದ್ದು 2006ರಲ್ಲಿ, ನಮ್ಮೂರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದ್ದು 2023ರಲ್ಲಿ ಎಂದು ಪ್ರಚಲಿತ ವಿದ್ಯಮಾನದ ನೋಟ್ಸ್ ನೋಡಿ ಉರು ಹೊಡೆದಿದ್ದೆ. ಆದರೆ ಬಿದ್ರಿ ಅಂದರೆ ಬೆಳ್ಳಿ ಸಾಮಾನು ಅಂದುಕೊಂಡಿದ್ದೆ!

ಅಸಲಿಗೆ ಅದು ಸತು, ಜೊತೆಗೆ ಸ್ವಲ್ಪ ತಾಮ್ರ. ಎರಕ ಹೊಯ್ದ ಸಾಮಾನನ್ನು ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರುತ್ತಾರೆ. ಮೈ ಕಪ್ಪಾಗುತ್ತದೆ. ಅದು ತಾತ್ಕಾಲಿಕ ಕಪ್ಪು, ಮೇಲೆ ಗೀಚಿದ ಗೆರೆ ಎದ್ದು ಕಾಣಲಿ ಎಂದಷ್ಟೇ. ಚಾಚಾ ಸ್ಕೇಲೂ ಹಿಡಿಯದೆ ಮಾತಾಡುತ್ತಲೇ ಬಳ್ಳಿ ಎಳೆದುಬಿಡುತ್ತಿದ್ದರು.

ಆಮೇಲೆ ಕೆತ್ತನೆ. ಮೊದಲ ಎರಡು ವಾರ ಒಡೆದ ತುಂಡಿನ ಮೇಲೆ ಬರೀ ನೇರ ಗೆರೆ ಕೆತ್ತಿದೆ. ಉಳಿ ಎಷ್ಟು ಸಲ ಜಾರಿತೋ ಲೆಕ್ಕವಿಲ್ಲ. ಎರಡನೇ ತಿಂಗಳು ಪುಟ್ಟ ಡಬ್ಬಿಯ ಮುಚ್ಚಳ ಕೊಟ್ಟರು. ಐದೆಸಳಿನ ಹೂ ಕೆತ್ತಿ, ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿದೆ. ಫೋಟೊ ತೆಗೆದು ಸ್ಟೇಟಸ್ಸಿಗೂ ಹಾಕಿದೆ.

ಮರುದಿನ ಪಾಲಿಶ್ ಮಾಡುವಾಗ ಒಂದು ಎಸಳಿನ ತಂತಿ ಮೇಲೆದ್ದಿತು. ಚಾಚಾ ಉಗುರಿನಿಂದ ಎತ್ತಿದರು. ಇಡೀ ಎಳೆ ಕಿತ್ತು ಬಂತು.

‘ಬೇಟಿ, ಬೆಳ್ಳಿ ಅಂಟಿಸೋದಲ್ಲ. ತಗ್ಗು ಅದನ್ನ ಹಿಡ್ಕೋಬೇಕು.’

ಈ ಕೆಲಸದಲ್ಲಿ ಅಂಟೇ ಇಲ್ಲ. ಕೆತ್ತಿದ ಗೀರಿನೊಳಗೆ ಮೆತ್ತನೆಯ ಬೆಳ್ಳಿ ಬಡಿತಕ್ಕೆ ಹರಡಿ ಕಚ್ಚಿಕೊಳ್ಳಬೇಕು. ಗೀರು ತೆಳುವಾದರೆ ಕಿತ್ತು ಬರುತ್ತದೆ, ಹೆಚ್ಚು ಆಳವಾದರೆ ತಂತಿ ಒಳಗೆ ಮುಳುಗುತ್ತದೆ. ಬೆಳ್ಳಿ ಕೂತ ಮೇಲೆ ಆ ಗೀರು ಯಾರಿಗೂ ಕಾಣುವುದಿಲ್ಲ. ನಾನು ಅವಸರ ಮಾಡಿದ್ದು ಅಲ್ಲೇ.

ಕೊನೆಯ ಹಂತವೇ ನನಗಿಷ್ಟ. ಬಿಸಿಲು-ಮಳೆ ತಾಗದ ಕೋಟೆಯ ಹಳೇ ಜಾಗದ ಮಣ್ಣಿಗೆ ನವಸಾಗರ ಬೆರೆಸಿ, ಬೆಚ್ಚಗೆ ಕಾಯಿಸಿದ ಸಾಮಾನಿಗೆ ತಿಕ್ಕುತ್ತಾರೆ. ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಸರಿಯಾದ ಮಣ್ಣು ಯಾವುದೆಂದು ಹಿರಿಯರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ನಾನೂ ನೋಡಿದೆ. ಬರೀ ಮಣ್ಣು ಅನಿಸಿತು!

ಚಾಚಾನ ಮಗ ಹೈದರಾಬಾದಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಬೆಳ್ಳಿ ದರ ಏರಿದಾಗಲೆಲ್ಲ ಇಲ್ಲಿ ಆರ್ಡರ್ ಇಳಿಯುತ್ತದೆ. ‘ಇದನ್ನ ನಂಬ್ಕೊಂಡು ಪರೀಕ್ಷೆ ಬಿಡಬ್ಯಾಡ’ ಎಂದು ಹೇಳಿದವರೂ ಚಾಚಾನೇ. ಆ ಮಾತು ಹೇಳುವಾಗ ಅವರು ತಲೆ ಎತ್ತಲಿಲ್ಲ, ಕೆತ್ತುತ್ತಲೇ ಇದ್ದರು.

ಫಲಿತಾಂಶ ಬಂತು. ಪಟ್ಟಿಯಲ್ಲಿ ನನ್ನ ನಂಬರ್ ಇರಲಿಲ್ಲ. ಮರುದಿನ ಅಂಗಡಿಗೆ ಹೋದರೆ ಮುಚ್ಚಳ ಹಾಗೇ ಇತ್ತು, ಬೋಳು ಎಸಳಿನೊಂದಿಗೆ. ಚಾಚಾ ಏನೂ ಕೇಳದೆ ಉಳಿ ಕೈಗಿತ್ತರು.

ಈಗ ಬೆಳಿಗ್ಗೆ ಗ್ರಂಥಾಲಯ, ಮಧ್ಯಾಹ್ನ ಅಂಗಡಿ. ಆ ಡಬ್ಬಿಯಲ್ಲಿ ಅವ್ವ ಅಡಿಕೆ ಇಡುತ್ತಾಳೆ. ಐದನೇ ಎಸಳು ಸ್ವಲ್ಪ ಓರೆ. ತಂತಿ ಮಾತ್ರ ಇನ್ನೂ ಎದ್ದಿಲ್ಲ.